ಆ ಡಿ ಡ್ರೈವಿಗೆ ಫಾರ್ಮ್ಯಾಟ್ ಕೊಡಬೇಡಿ ಅಕ್ಕ

ಅಕ್ಕ, ನಿಮ್ಮ ಪ್ರಶ್ನೆಯನ್ನು ನಿನ್ನೆ ರಾತ್ರಿಯೇ ಓದಿದೆ. ಎರಡು ಸಾಲಿನಲ್ಲಿ ಮುಗಿಯುವ ವಿಷಯ ಅಲ್ಲ, ಹಾಗಾಗಿ ಬೆಳಿಗ್ಗೆ ಕೂತು ಬರೆಯುತ್ತಿದ್ದೇನೆ. ಮೇಲೆ ಒಬ್ಬರು ‘ಫಾರ್ಮ್ಯಾಟ್ ಕೊಟ್ಟು ಆಮೇಲೆ ರಿಕವರಿ ಸಾಫ್ಟ್‌ವೇರ್ ಹಾಕಿ’ ಅಂದಿದ್ದಾರೆ. ಇನ್ನೊಬ್ಬರು ಹಾರ್ಡ್ ಡಿಸ್ಕನ್ನು ಫ್ರಿಜ್ಜಿನಲ್ಲಿ ಇಡಲು ಹೇಳಿದ್ದಾರೆ. ದಯವಿಟ್ಟು ಎರಡನ್ನೂ ಮಾಡಬೇಡಿ.

ಈಗಷ್ಟೇ ಓದುವವರಿಗೆ ವಿಷಯ ಇಷ್ಟು. ಅಕ್ಕನ ಅಪ್ಪ ಬ್ರಹ್ಮಾವರದ ಕಡೆಯ ನಿವೃತ್ತ ಮಾಷ್ಟ್ರು. ವರ್ಷಗಟ್ಟಲೆ ಕೂತು ಯಕ್ಷಗಾನ ಪ್ರಸಂಗದ ಪದ್ಯಗಳನ್ನು ಟೈಪ್ ಮಾಡಿ ತಮ್ಮದೇ ವೆಬ್‌ಸೈಟಿಗೆ ಹಾಕಿದ್ದರು. ಅವರು ಹಾಸಿಗೆ ಹಿಡಿದ ಮೇಲೆ ಹೋಸ್ಟಿಂಗಿಗೆ ದುಡ್ಡು ಕಟ್ಟುವುದು ತಪ್ಪಿ ಸೈಟ್ ಹೋಯಿತು. ಫೈಲುಗಳೆಲ್ಲ ಮನೆಯ ಕಂಪ್ಯೂಟರಿನಲ್ಲಿ ಉಂಟು ಎಂಬ ಧೈರ್ಯ ಇತ್ತು. ಮೊನ್ನೆ ಸಿಡಿಲಿಗೆ ಅದೂ ಹೋಯಿತು. ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಡಬ್ಬ) ಬದಲಿಸಿದ ಮೇಲೆ ಆನ್ ಆಗುತ್ತದೆ, ಆದರೆ ಡಿ ಡ್ರೈವ್ ತೆರೆಯಲು ಹೋದರೆ ‘ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು’ ಅನ್ನುತ್ತದೆ.

ಆ ಸಂದೇಶ ನೋಡಿ ಎದೆ ಒಡೆದುಕೊಳ್ಳಬೇಡಿ. ವಿಂಡೋಸಿಗೆ ಆ ಡ್ರೈವಿನ ಮೊದಲ ಪುಟ ಓದಲು ಆಗುತ್ತಿಲ್ಲ, ಅಷ್ಟೇ ಅದರ ಅರ್ಥ. ಅದರ ನಂತರದ ಪುಟಗಳು ಹಾಗೇ ಇರುವ ಸಾಧ್ಯತೆ ಜಾಸ್ತಿ. ಆದರೆ ಫಾರ್ಮ್ಯಾಟ್ ಒತ್ತಿದಿರೋ, ಕತೆ ಬೇರೆ. ಕ್ವಿಕ್ ಫಾರ್ಮ್ಯಾಟ್ ಆದರೆ ಫೈಲುಗಳ ಹೆಸರು, ಜಾಗ ಎಲ್ಲ ಬರೆದಿಟ್ಟ ಪಟ್ಟಿಯ ಮೇಲೆಯೇ ಹೊಸ ಖಾಲಿ ಪಟ್ಟಿ ಬಂದು ಕೂರುತ್ತದೆ. ‘ಕ್ವಿಕ್’ ಎದುರಿನ ಟಿಕ್ ತೆಗೆದು ಪೂರ್ತಿ ಫಾರ್ಮ್ಯಾಟ್ ಕೊಟ್ಟರೆ, ವಿಂಡೋಸ್ ವಿಸ್ಟಾದಿಂದ ಈಚೆಗೆ, ಇಡೀ ಡ್ರೈವಿನ ಮೇಲೆ ಸೊನ್ನೆ ಬರೆಯುತ್ತದೆ. ಆಮೇಲೆ ಯಾವ ಸಾಫ್ಟ್‌ವೇರಿಗೂ ಸಿಗುವುದಿಲ್ಲ. ಆನ್ ಮಾಡುವಾಗ ಕಪ್ಪು ಪರದೆಯಲ್ಲಿ ‘ಚೆಕ್ ಡಿಸ್ಕ್’ ಶುರುವಾಗುತ್ತದೆ ಅಂದರೆ ಅದನ್ನೂ ಬೇಡ ಅನ್ನಿ. ಅದು ಡ್ರೈವನ್ನು ಸರಿ ಮಾಡುವ ಅವಸರದಲ್ಲಿ ತನಗೆ ಅರ್ಥವಾಗದ ಫೈಲುಗಳನ್ನು ಕತ್ತರಿಸಿ ಹಾಕುತ್ತದೆ.

ಫ್ರಿಜ್ಜಿನ ವಿಷಯ: ತಣ್ಣಗಾದ ಡಿಸ್ಕನ್ನು ನಮ್ಮ ಕರಾವಳಿಯ ಗಾಳಿಗೆ ತೆಗೆದ ಕೂಡಲೇ ಬೆವರುತ್ತದೆ. ಮಳೆಗಾಲದಲ್ಲಿ ಕೇಳುವುದೇ ಬೇಡ.

ಈಗ ಮೊದಲ ಕೆಲಸ. ಕಂಪ್ಯೂಟರನ್ನು ಪೂರ್ತಿ ಆಫ್ ಮಾಡಿ, ಹಾಗೇ ಬಿಡಿ. ಸಿ ಮತ್ತು ಡಿ ಎರಡೂ ಒಂದೇ ಡಿಸ್ಕಿನ ಭಾಗಗಳು. ವಿಂಡೋಸ್ ಏಳುವಾಗಲೆಲ್ಲ ಆ ಪೆಟ್ಟು ತಿಂದ ಡಿಸ್ಕೇ ತಿರುಗಿ ದುಡಿಯಬೇಕು. ಆಫ್ ಮಾಡುವ ಮುಂಚೆ ಒಮ್ಮೆ ಕಿವಿಕೊಟ್ಟು ಕೇಳಿ. ಒಂದೇ ಸಮ ಗುಂಯ್ ಅಂತ ತಿರುಗುತ್ತಿದ್ದರೆ ಒಳ್ಳೆಯದು. ಟಕ್ ಟಕ್ ಅಂತ ಬಡಿಯುವ ಸದ್ದಿದ್ದರೆ ಒಳಗೆ ಡಿಸ್ಕನ್ನು ಓದುವ ಮುಳ್ಳು, ಅಂದರೆ ಹೆಡ್, ಹೋಗಿದೆ ಅಂತ ಲೆಕ್ಕ. ಆಗ ಈ ಕೆಳಗಿನ ಯಾವುದನ್ನೂ ಮಾಡಬೇಡಿ, ಅದು ಲ್ಯಾಬಿನ ಕೆಲಸ. ಸಿಡಿಲಿಗೆ ತಿರುಗುವುದೇ ನಿಂತುಹೋದ ಡಿಸ್ಕ್ ಆದರೂ ಅಷ್ಟೇ. ಅದೇ ಮಾಡೆಲಿನ ಬೇರೆ ಡಿಸ್ಕಿನ ಹಸಿರು ಬೋರ್ಡ್ ತಂದು ಹಾಕಿದರೆ ಆಯಿತಲ್ವಾ ಅಂತ ತುಂಬಾ ಜನ ಕೇಳುತ್ತಾರೆ. ಹಾಗೆ ಆಗುವುದಿಲ್ಲ. ಪ್ರತಿ ಡಿಸ್ಕಿನ ಸ್ವಂತ ಲೆಕ್ಕಾಚಾರ ಆ ಬೋರ್ಡಿನ ಒಂದು ಸಣ್ಣ ಚಿಪ್ಪಿನಲ್ಲಿ ಇರುತ್ತದೆ. ಆ ಚಿಪ್ಪನ್ನೂ ಕಿತ್ತು ಕೂರಿಸಬೇಕು.

ನಿಮ್ಮದು ತಿರುಗುತ್ತಿದೆ, ಸದ್ದಿಲ್ಲ ಅಂದಿದ್ದೀರಿ. ಹಾಗಾದರೆ ಮನೆಯಲ್ಲೇ ಆಗುವ ಕೆಲಸ. ನೇರ ಆ ಡಿಸ್ಕಿನ ಮೇಲೆ ಹುಡುಕಾಟ ಬೇಡ, ಮೊದಲು ಅದರ ಪೂರ್ತಿ ನಕಲು ತೆಗೆಯಬೇಕು. ಡಿಸ್ಕ್ ಬಿಚ್ಚಿ, ಸಾಟಾದಿಂದ (ಡಿಸ್ಕಿನ ಹಿಂದಿರುವ ಕೇಬಲ್ ಜಾಗ) ಯುಎಸ್‌ಬಿ ಆಗುವ ಅಡಾಪ್ಟರಿಗೆ ಹಾಕಬೇಕು. ಡೆಸ್ಕ್‌ಟಾಪಿನ ದೊಡ್ಡ ಡಿಸ್ಕಿಗೆ 12 ವೋಲ್ಟ್ ಬೇಕು, ಹಾಗಾಗಿ ಬೇರೆ ಪವರ್ ಪ್ಲಗ್ ಇರುವ ಅಡಾಪ್ಟರನ್ನೇ ತರಬೇಕು. ಲ್ಯಾಪ್‌ಟಾಪನ್ನು ಲಿನಕ್ಸ್ ಪೆನ್‌ಡ್ರೈವಿನಿಂದ ಏಳಿಸಿ, ‘ಡಿಡಿರೆಸ್ಕ್ಯೂ’ ಎಂಬ ಉಚಿತ ಪ್ರೋಗ್ರಾಮಿನಲ್ಲಿ ನಿಮ್ಮ ಡಿಸ್ಕಿನ ಇಡೀ 500 ಜಿಬಿಯನ್ನು ಒಂದೇ ದೊಡ್ಡ ಫೈಲಾಗಿ 1 ಟಿಬಿಯ ಬೇರೆ ಡಿಸ್ಕಿಗೆ ಇಳಿಸುವುದು. ಆ 1 ಟಿಬಿ ಡಿಸ್ಕ್ ‘ಫ್ಯಾಟ್ 32’ ಎಂಬ ಹಳೆಯ ಫಾರ್ಮ್ಯಾಟಿನಲ್ಲಿ ಇರಬಾರದು, ಅದರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಸುವುದಿಲ್ಲ.

ಡಿಡಿರೆಸ್ಕ್ಯೂ ನನಗೆ ಇಷ್ಟವಾಗಲು ಕಾರಣ ಉಂಟು. ಓದಲು ಕಷ್ಟ ಕೊಡುವ ಜಾಗವನ್ನು ಬಿಟ್ಟು ಮುಂದೆ ಹೋಗುತ್ತದೆ, ಸುಲಭದ್ದನ್ನೆಲ್ಲ ತೆಗೆದಾದ ಮೇಲೆ ವಾಪಸ್ ಬಂದು ಕಷ್ಟದ ಜಾಗಕ್ಕೆ ಕೈ ಹಾಕುತ್ತದೆ. ಎಲ್ಲಿಯವರೆಗೆ ಆಯಿತು ಅಂತ ಒಂದು ಮ್ಯಾಪ್ ಫೈಲಿನಲ್ಲಿ ಬರೆದಿಡುತ್ತದೆ. ನಮ್ಮಲ್ಲಿ ಮಳೆಗೆ ಕರೆಂಟ್ ಹೋಗುವುದು ಗೊತ್ತಲ್ಲ, ಬಂದ ಮೇಲೆ ಬಿಟ್ಟಲ್ಲಿಂದಲೇ ಮುಂದುವರಿಸಬಹುದು. ಒಂದೇ ಒಂದು ಅಪಾಯ ಎಂದರೆ ಯಾವುದರಿಂದ ಯಾವುದಕ್ಕೆ ಎಂಬುದು ಉಲ್ಟಾ ಆಗುವುದು. ಹಾಗೇನಾದರೂ ಆಗಿಬಿಟ್ಟರೆ ಕತೆ ಮುಗಿಯಿತು. ಡಿಸ್ಕಿನ ಮಾಡೆಲ್ ನಂಬರ್, ಸೈಜ್ ಎರಡನ್ನೂ ಚೀಟಿಯಲ್ಲಿ ಬರೆದಿಟ್ಟು ಎರಡು ಸಲ ನೋಡಿ. ಡಿಸ್ಕ್ ಆರೋಗ್ಯವಾಗಿದ್ದರೆ ಕೆಲವು ಗಂಟೆಯ ಕೆಲಸ. ಕೆಟ್ಟ ಸೆಕ್ಟರ್ ಇದ್ದರೆ ದಿನಗಟ್ಟಲೆ ಆಗಬಹುದು, ಸುಮ್ನೆ ಬಿಟ್ಟುಬಿಡಿ.

ನಕಲು ಕೈಗೆ ಬಂದ ಮೇಲೆ ‘ಟೆಸ್ಟ್‌ಡಿಸ್ಕ್’ ಹಾಕಿ. ಇದೂ ಉಚಿತ. ಎನ್‌ಟಿಎಫ್‌ಎಸ್ (ವಿಂಡೋಸ್ ಫೈಲುಗಳನ್ನು ಜೋಡಿಸಿಡುವ ಪದ್ಧತಿ) ಡ್ರೈವಿನ ಮೊದಲ ಪುಟದ ಇನ್ನೊಂದು ಪ್ರತಿ ಡ್ರೈವಿನ ಕೊನೆಯಲ್ಲಿ ಇರುತ್ತದೆ. ಅದು ಸರಿ ಇದ್ದರೆ ಅದರಿಂದಲೇ ಮೊದಲ ಪುಟವನ್ನು ಸರಿ ಮಾಡಬಹುದು. ಹಾಗಾದರೆ ಅಪ್ಪನ ಫೋಲ್ಡರುಗಳು ಇದ್ದ ಹೆಸರಿನಲ್ಲೇ, ಇದ್ದ ಜೋಡಣೆಯಲ್ಲೇ ಕಾಣುತ್ತವೆ.

ಅದೂ ಆಗದಿದ್ದರೆ ಕೊನೆಗೆ ‘ಫೋಟೋರೆಕ್’. ಹೆಸರು ನೋಡಿ ಫೋಟೋಕ್ಕೆ ಮಾತ್ರ ಅಂದುಕೊಳ್ಳಬೇಡಿ, ವೆಬ್ ಪುಟ, ಎಂಪಿ3, ವರ್ಡ್, ಜಿಪ್ ಎಲ್ಲ ತೆಗೆಯುತ್ತದೆ. ಎಚ್‌ಟಿಎಂಎಲ್ ಮಾತ್ರ ಅದರ ಪಟ್ಟಿಯಲ್ಲಿ ಟೆಕ್ಸ್ಟ್ ಫೈಲುಗಳ ಸಾಲಿನ ಒಳಗೆ ಬರುತ್ತದೆ, ಆ ಸಾಲಿನ ಟಿಕ್ ತೆಗೆಯಬೇಡಿ. ತೊಂದರೆ ಎಂದರೆ ಹೆಸರು ಬರುವುದಿಲ್ಲ. ಬರೀ ನಂಬರ್ ಇರುವ ಸಾವಿರಾರು ಫೈಲುಗಳ ರಾಶಿ ಸಿಗುತ್ತದೆ.

ಆ ರಾಶಿಯ ಮುಂದೆ ನಾನೂ ಕೂತವನು. 2017ರ ಮಳೆಗಾಲದಲ್ಲಿ ನಮ್ಮ ಮಂಗಳೂರು ಕಡೆಯ ಹವ್ಯಾಸಿ ಸಂಘದ ಕಂಪ್ಯೂಟರಿಗೆ ಒಂದು ಅಂಗಡಿಯವರು ಕೇಳದೆ ಹೊಸ ವಿಂಡೋಸ್ ಹಾಕಿ ಕೊಟ್ಟಿದ್ದರು. ಫೋಟೋಗಳು ಬಹುಪಾಲು ಬಂದವು. ಪದ್ಯದ ಪುಟಗಳನ್ನು ಹುಡುಕಿದರೆ ಒಂದೂ ಇಲ್ಲ! ಎರಡು ದಿನ ‘ಭಾಮಿನಿ’, ‘ವಾರ್ಧಕ’ ಅಂತ ಷಟ್ಪದಿಗಳ ಹೆಸರು ಟೈಪ್ ಮಾಡಿ ಹುಡುಕಿ ಸೋತೆ. ಆಮೇಲೆ ಹೊಳೆಯಿತು ಮಾರಾಯ್ರೆ, ಅವೆಲ್ಲ ‘ನುಡಿ’ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿದ್ದು. ‘ಬರಹ’ ಅಂತ ಅಂಥದ್ದೇ ಇನ್ನೊಂದು ಉಂಟು. ಆಗಿನ ನುಡಿ, ಬರಹ ಫಾಂಟುಗಳಲ್ಲಿ ಕನ್ನಡ ಕಾಣುತ್ತಿತ್ತೇ ಹೊರತು ಫೈಲಿನ ಒಳಗೆ ಇದ್ದದ್ದು ಇಂಗ್ಲಿಷ್ ಚಿಹ್ನೆಗಳು. ‘ಕನ್ನಡ’ ಎಂಬ ಪದ ಫಾಂಟ್ ಇಲ್ಲದೆ ಹೇಗೆ ಕಾಣುತ್ತದೆ ಗೊತ್ತಾ? ಮೊದಲು ದೊಡ್ಡ ‘ಪಿ’, ಪಕ್ಕದಲ್ಲಿ ತಲೆ ಮೇಲೆ ಗೆರೆ ಎಳೆದ ‘ಎ’, ಆಮೇಲೆ ಬ್ರಿಟಿಷರ ಪೌಂಡಿನ ಗುರುತು. ನಾವು ಈಗ ಮೊಬೈಲಿನಲ್ಲಿ ಬರೆಯುವ ಯೂನಿಕೋಡ್ ಕನ್ನಡದಲ್ಲಿ ಹುಡುಕಿದರೆ ಅದು ಸಿಗುವುದು ಎಲ್ಲಿಂದ?

ಹಾಗಾಗಿ ನುಡಿ ಹಾಕಿಕೊಂಡು ಅದರಲ್ಲೇ ‘ಏಕತಾಳ’ ಅಂತ ಟೈಪ್ ಮಾಡಿ, ಅದನ್ನು ಕಾಪಿ ಮಾಡಿ, ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಲ್ಲಿ ಇಡೀ ಫೋಲ್ಡರಿನ ಒಳಗೆ ಹುಡುಕಿ. ಪದ್ಯದ ತಲೆಯಲ್ಲಿ ರಾಗ, ತಾಳ ಬರೆದೇ ಇರುತ್ತದೆ ಅಲ್ವಾ, ಅದೇ ನಮಗೆ ಹಿಡಿ. ಮುಂದೆ ‘ಅಷ್ಟತಾಳ’, ‘ಝಂಪೆ’, ‘ರೂಪಕ’. ನನಗೆ ಒಂದೇ ಸಂಜೆಯಲ್ಲಿ ಪುಟಗಳು ಸಾಲಾಗಿ ಬಂದವು. ಎಲ್ಲವೂ ಪೂರ್ತಿ ಇರಲಿಲ್ಲ. ಒಂದು ಭಾಮಿನಿಯ ನಾಲ್ಕು ಸಾಲು ಸರಿ ಇತ್ತು, ಐದನೆಯದರ ಮಧ್ಯದಿಂದ ಯಾವುದೋ ಪ್ರಿಂಟರಿನ ಸೆಟ್ಟಿಂಗ್. ಹೊಸ ವಿಂಡೋಸ್ ಬಂದು ಕೂತ ಜಾಗ ಅದು. ಉಳಿದ ಎರಡು ಸಾಲು ಈಗಲೂ ಸಿಕ್ಕಿಲ್ಲ. ನಿಮ್ಮದರ ಮೇಲೆ ಇನ್ನೂ ಯಾರೂ ಏನೂ ಬರೆದಿಲ್ಲ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿರುವುದು.

ಸಿಕ್ಕಿದ್ದನ್ನು ನುಡಿಯದ್ದೇ ಪರಿವರ್ತಕದಲ್ಲಿ ಯೂನಿಕೋಡಿಗೆ ತನ್ನಿ. ಅರ್ಕಾವತ್ತು, ಒತ್ತಕ್ಷರ ಇರುವಲ್ಲಿ ಮೂಲದ ಜತೆ ತಾಳೆ ನೋಡಲೇಬೇಕು.

ಡಿಸ್ಕಿನ ಕೆಲಸ ನಡೆಯುತ್ತಿರುವಾಗಲೇ ‘ವೇಬ್ಯಾಕ್ ಮಷೀನ್’ನಲ್ಲಿ ಸೈಟಿನ ಹಳೆಯ ವಿಳಾಸ ಹಾಕಿ ನೋಡಿ. 1996ರಿಂದ ವೆಬ್ ಪುಟಗಳನ್ನು ತೆಗೆದಿಡುತ್ತಿರುವ ಜಾಗ ಅದು. ಪುಟ ತೆರೆದಾಗ ಬರೀ ಅಡ್ಡಾದಿಡ್ಡಿ ಇಂಗ್ಲಿಷ್ ಕಂಡರೆ ಹಾಳಾಗಿದೆ ಅಂತ ಮುಚ್ಚಬೇಡಿ, ಅದು ಅಪ್ಪನ ನುಡಿಯೇ ಇರಬಹುದು. ಸೇವ್ ಮಾಡಿಕೊಳ್ಳಿ. ಸೈಟ್ ವರ್ಡ್‌ಪ್ರೆಸ್ಸಿನಲ್ಲಿ ಇದ್ದಿದ್ದರೆ ಬರಹಗಳು ಡೇಟಾಬೇಸಿನಲ್ಲಿ ಇರುತ್ತವೆ, ಆಗ ಡಿಸ್ಕಿನಲ್ಲಿ ಹುಡುಕಬೇಕಾದದ್ದು ಬ್ಯಾಕಪ್ಪಿನ ಜಿಪ್ ಅಥವಾ ಎಸ್‌ಕ್ಯೂಎಲ್ ಫೈಲ್. ಅಪ್ಪ ಸೈಟ್ ಮಾಡಿದ ಕಾಲ ಅಂತ ನೀವು ಹೇಳಿದ್ದನ್ನು ನೋಡಿದರೆ ಅದು ವರ್ಡ್‌ಪ್ರೆಸ್ ಇರಲಿಕ್ಕಿಲ್ಲ.

ಬೇರೆಯವರಿಗೆ ಒಂದು ಮಾತು: ಇದೆಲ್ಲ ತಿರುಗುವ ಹಾರ್ಡ್ ಡಿಸ್ಕಿನ ಮಾತು. ಎಸ್‌ಎಸ್‌ಡಿಯಲ್ಲಿ ಡಿಲೀಟ್ ಆದ ಫೈಲಿನ ಜಾಗವನ್ನು ಡ್ರೈವೇ ಬೇಗ ಒರೆಸಿಬಿಡುತ್ತದೆ.

ಅಕ್ಕ, ಭಾನುವಾರ ನಾನು ಉಡುಪಿಗೆ ಬರುವವನಿದ್ದೇನೆ. ಅಡಾಪ್ಟರ್, ಖಾಲಿ 1 ಟಿಬಿ ಡಿಸ್ಕ್ ಎರಡೂ ನನ್ನ ಹತ್ತಿರ ಉಂಟು. ಬೇಕಾದರೆ ಮನೆಗೇ ಬರುತ್ತೇನೆ, ಡಿಸ್ಕನ್ನು ಬಸ್ಸಿನಲ್ಲಿ ಕುಲುಕಿಸಿಕೊಂಡು ತರುವುದು ಬೇಡ. ಅಷ್ಟರೊಳಗೆ ಅಪ್ಪನ ಹತ್ತಿರ ಎರಡು ವಿಷಯ ಕೇಳಿಡಿ. ಟೈಪ್ ಮಾಡಿದ್ದು ನುಡಿಯಲ್ಲೋ ಬರಹದಲ್ಲೋ, ಮತ್ತೆ ಯಾವ ಪ್ರಸಂಗವನ್ನು ಮೊದಲು ಹಾಕಿದ್ದು. ಅವರು ನೋಡಿ ಟೈಪ್ ಮಾಡಿದ ಹಳೆಯ ಪುಸ್ತಕ, ನೋಟ್ಸ್ ಇದ್ದರೆ ಒಂದು ಕಡೆ ತೆಗೆದಿಡಿ, ತಾಳೆ ನೋಡಲು ಬೇಕಾಗುತ್ತದೆ.