ಮಳೆಯ ಮರುದಿನ ಸಾಲ್ಮನ್‌ಗೆ ಗಾಳ: ಸ್ವಲ್ಪ ಕಾಯಿರಿ

ರಾತ್ರಿಯಿಡೀ ಮಳೆ ಸುರಿದು ನದಿ ಕೆಂಪಾಗಿ ಉಕ್ಕಿದೆ, ನಾಳೆ ಬೆಳಿಗ್ಗೆಯೇ ಸಾಲ್ಮನ್‌ಗೆ ಗಾಳ ಹಾಕಲು ಹೋಗಬಹುದಾ ಅಂತ ಕೇಳಿದ್ದೀರಿ. ನಾನಾಗಿದ್ದರೆ ಅವಸರ ಮಾಡುವುದಿಲ್ಲ. ಬೇಸಿಗೆಯ ಮಳೆ ಒಳ್ಳೆಯದೇ. ಮೊಟ್ಟೆಯಿಡಲು ಸಮುದ್ರದಿಂದ ಬಂದು, ನೀರು ಕಡಿಮೆಯೆಂದು ಅಳಿವೆಯಲ್ಲೇ ಕಾದು ನಿಂತಿದ್ದ ಮೀನು ಹೊಸ ನೀರು ಬಂದ ಕೂಡಲೇ ನದಿಯಲ್ಲಿ ಮೇಲೇರತೊಡಗುತ್ತದೆ. ಆದರೆ ನೀರು ಏರುತ್ತಿರುವಾಗ ಗಾಳಕ್ಕೆ ಸಿಗುವುದು ಎಲೆ, ಕಡ್ಡಿ, ಕಸ. ಸುಮ್ನೆ ಕೈ ನೋವು.

ನೀರಿನ ಅಂಚಿಗೆ ಸರಿಯಾಗಿ ಒಂದು ಕಡ್ಡಿ ನೆಡಿ. ಅರ್ಧ ಗಂಟೆ ಬಿಟ್ಟು ನೋಡಿ. ನೀರು ಕಡ್ಡಿಯಿಂದ ಹಿಂದೆ ಸರಿದಿದ್ದರೆ, ಬಣ್ಣ ಹಾಲು ಹಾಕಿದ ಚಹಾದಿಂದ ಕಪ್ಪು ಚಹಾಕ್ಕೆ ತಿರುಗುತ್ತಿದ್ದರೆ, ಅದೇ ಸಮಯ. ಚಿಕ್ಕ ನದಿಯಲ್ಲಿ ಈ ಸಮಯ ಕೆಲವೇ ಗಂಟೆ ಇರುತ್ತದೆ, ದೂರ ಹೋಗಬೇಡಿ.

ಆಗಲೂ ನಡುಹೊಳೆಗೆ ಎಸೆಯುವ ಆಸೆ ಬೇಡ. ಸೆಳೆತ ಜಾಸ್ತಿ ಇರುವಾಗ ಮೀನು ದಡದ ಪಕ್ಕದಲ್ಲೇ, ಬಂಡೆಯ ಮರೆಯಲ್ಲಿ ನಿಲ್ಲುತ್ತದೆ. ನಾನಂತೂ ಮೊದಮೊದಲು ಸೊಂಟದವರೆಗೆ ನೀರಿಗಿಳಿದು, ಮೀನು ಇರುವ ಜಾಗವನ್ನೇ ತುಳಿದು ದೂರಕ್ಕೆ ಎಸೆಯುತ್ತಿದ್ದೆ! ಸಿಹಿನೀರಿಗೆ ಬಂದ ಸಾಲ್ಮನ್ ಹಸಿವಿಗೆ ತಿನ್ನುವುದಿಲ್ಲ, ಕೆಣಕಿದರೆ ಕಚ್ಚುತ್ತದೆ, ಅಷ್ಟೇ. ಹಾಗಾಗಿ ಮಬ್ಬು ನೀರಿಗೆ ಕಿತ್ತಳೆ ಅಥವಾ ಹಳದಿ ಬಣ್ಣದ ದೊಡ್ಡ ಫ್ಲೈ (ಕೊಕ್ಕೆಗೆ ಗರಿ, ದಾರ ಸುತ್ತಿ ಮಾಡಿದ ಕೃತಕ ಎರೆ) ಕಟ್ಟಿ. ನೀರು ತಿಳಿಯಾದಂತೆ ಚಿಕ್ಕದಕ್ಕೆ ಬನ್ನಿ.

ಥರ್ಮಾಮೀಟರ್ ಇದೆ ಅಲ್ವಾ? ನೀರು 20 ಡಿಗ್ರಿ ಸೆಲ್ಸಿಯಸ್ ಮುಟ್ಟಿದ್ದರೆ ಗಾಳ ಹಾಕಲೇಬೇಡಿ. ಅಷ್ಟು ಬಿಸಿಯಲ್ಲಿ ಸೆಣಸಿದ ಮೀನು, ವಾಪಸ್ ಬಿಟ್ಟರೂ ಬದುಕುವುದು ಕಷ್ಟ.