ದಂಡ ಕಟ್ಟಿದರೆ ಪ್ರಕರಣ ಮುಗಿಯುತ್ತದೆಯೇ?

ಪ್ರಶ್ನೆ: ಮೇಡಂ ಅವರಿಗೆ ನಮಸ್ಕಾರ. ನಮ್ಮ ಮನೆಯವರು ಸರ್ಕಾರಿ ಕಚೇರಿಯೊಂದರಲ್ಲಿ ದ್ವಿತೀಯ ದರ್ಜೆ ಸಹಾಯಕರು. ಹದಿನೈದು ದಿನಗಳ ಹಿಂದೆ ಸ್ನೇಹಿತರ ಮನೆಯ ಕಾರ್ಯ ಮುಗಿಸಿಕೊಂಡು ರಾತ್ರಿ ಬೈಕಿನಲ್ಲಿ ಬರುವಾಗ ರಾಮಮಂದಿರ ವೃತ್ತದ ಹತ್ತಿರ ಪೊಲೀಸರು ತಡೆದು ಯಂತ್ರಕ್ಕೆ ಊದಿಸಿದರಂತೆ. ಅದರಲ್ಲಿ 112 ಎಂದು ಬಂದಿದೆ. ಅಪಘಾತವೇನೂ ಆಗಿಲ್ಲ. ಬೈಕು ಮತ್ತು ಲೈಸೆನ್ಸ್ ಇಟ್ಟುಕೊಂಡು, ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಿ, ಠಾಣೆಗೆ ಕರೆದೊಯ್ದರು. ನನ್ನ ಮೈದುನ ಹೋಗಿ ಮುಚ್ಚಳಿಕೆಗೆ ಸಹಿ ಹಾಕಿ ಎರಡು ಗಂಟೆಯ ರಾತ್ರಿಯಲ್ಲಿ ಬಿಡಿಸಿಕೊಂಡು ಬಂದ. ಈಗ ನ್ಯಾಯಾಲಯಕ್ಕೆ ಹಾಜರಾಗಲು ನೋಟಿಸ್ ಬಂದಿದೆ. ತಪ್ಪೊಪ್ಪಿಕೊಂಡು ದಂಡ ಕಟ್ಟಿದರೆ ಮುಗಿಯಿತು ಎಂದು ಒಬ್ಬರು, ಹದಿನೈದು ಸಾವಿರ ಕೊಟ್ಟರೆ ಹೆಲ್ಮೆಟ್ ಕೇಸಿಗೆ ಬದಲಾಯಿಸಿಕೊಡುತ್ತೇನೆ ಎಂದು ಇನ್ನೊಬ್ಬರು ಹೇಳುತ್ತಾರೆ. ನೌಕರಿ ಹೋಗುತ್ತದೆ ಎಂದು ಅತ್ತೆಯವರು ದಿನವೂ ಅಳುತ್ತಾರೆ. ಅವರು ಕೆಮ್ಮಿನ ಔಷಧಿ ಕುಡಿದಿದ್ದರು ಎಂದು ನಾನು ನ್ಯಾಯಾಲಯದಲ್ಲಿ ಹೇಳಬೇಕಂತೆ. ಮನೆಯವರು ಮಾತ್ರ ಬಾಯಿಯನ್ನೇ ಬಿಡುತ್ತಿಲ್ಲ. ನಾನು ಏನು ಮಾಡಲಿ?
— ಹೆಸರು ಬೇಡ, ಕಲಬುರಗಿ

ಉತ್ತರ: ಸಹೋದರಿ, ಮೊದಲು ನಿಮ್ಮ ಅತ್ತೆಯವರ ಸಲಹೆಗೆ ಉತ್ತರ ಹೇಳಿಬಿಡುತ್ತೇನೆ, ಏಕೆಂದರೆ ಈ ಪ್ರಕರಣದಲ್ಲಿ ನಿಮಗೆ ಸ್ವಂತವಾಗಿ ಅಪಾಯ ತರಬಲ್ಲದ್ದು ಅದೊಂದೇ. ಪ್ರಮಾಣ ಮಾಡಿ ನ್ಯಾಯಾಲಯದಲ್ಲಿ ಸುಳ್ಳು ಹೇಳುವುದು ಪ್ರತ್ಯೇಕ ಅಪರಾಧ. ಇಂದು ಪ್ರಕರಣ ಇರುವುದು ನಿಮ್ಮ ಪತಿಯ ಮೇಲೆ ಮಾತ್ರ. ದಂಡವಾಗಲಿ ಶಿಕ್ಷೆಯಾಗಲಿ ಪತ್ನಿಗೆ ಹಂಚಿಕೆಯಾಗುವುದಿಲ್ಲ. ಆ ಒಂದು ಮಾತು ಆಡಿದರೆ ಮನೆಯಲ್ಲಿ ಇಬ್ಬರು ಆರೋಪಿಗಳಾಗುತ್ತೀರಿ. ತಮ್ಮ ಕುಡಿತದ ಬಗ್ಗೆ ಅವರು ಮನೆಯೊಳಗೆ ನಿಮಗೆ ಏನಾದರೂ ಹೇಳಿದ್ದರೆ ಅದನ್ನು ಬಹಿರಂಗಪಡಿಸುವಂತೆ ನಿಮ್ಮನ್ನು ಒತ್ತಾಯಿಸಲಾಗುವುದಿಲ್ಲ. ಗಂಡ ಹೆಂಡತಿಯ ನಡುವಿನ ಮಾತಿಗೆ ಸಾಕ್ಷ್ಯ ಕಾನೂನು ಆ ರಕ್ಷಣೆ ಕೊಟ್ಟಿದೆ. ಆದ್ದರಿಂದ ಸುಳ್ಳು ಹೇಳುವ ಅಗತ್ಯವೂ ಇಲ್ಲ, ಅವರ ವಿರುದ್ಧ ನಿಲ್ಲುವ ಭಯವೂ ಬೇಡ.

ಹಣ ಕೇಳಿದ ದಲ್ಲಾಳಿಯ ವಿಷಯವೂ ಅಷ್ಟೇ ಗಂಭೀರವಾದದ್ದು. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ಆದ ತಿದ್ದುಪಡಿಯ ನಂತರ ಲಂಚ ಕೊಡುವವರಿಗೂ 7 ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ಸರ್ಕಾರಿ ನೌಕರರೊಬ್ಬರ ಮನೆಯಿಂದ ಆ ಹಣ ಹೋಯಿತೆಂದರೆ, ಈಗ ಉಳಿಯಬಹುದಾದ ನೌಕರಿಗೂ ಆಗ ಭರವಸೆ ಇರುವುದಿಲ್ಲ.

ಇನ್ನು ಪ್ರಕರಣಕ್ಕೆ ಬರೋಣ. ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನ ಪ್ರಕಾರ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರ ಇರುವಾಗ ವಾಹನ ಓಡಿಸುವುದು ಅಪರಾಧ. ಯಂತ್ರ ತೋರಿಸಿದ 112 ಈ ಮಿತಿಯ ಮೂರೂವರೆ ಪಟ್ಟಿಗೂ ಹೆಚ್ಚು. ಮೊದಲ ಸಲದ ಅಪರಾಧಕ್ಕೆ 6 ತಿಂಗಳವರೆಗೆ ಸೆರೆವಾಸ, ಇಲ್ಲವೇ 10,000 ರೂಪಾಯಿ ದಂಡ, ಅಥವಾ ಎರಡೂ. ಎರಡನೆಯ ಸಲವಾದರೆ 2 ವರ್ಷಗಳವರೆಗೆ ಸೆರೆವಾಸ, ಇಲ್ಲವೇ 15,000 ರೂಪಾಯಿ ದಂಡ, ಅಥವಾ ಎರಡೂ. 2019ರ ತಿದ್ದುಪಡಿಗೆ ಮುಂಚೆ ಮೊದಲ ಸಲದ ದಂಡ ಎರಡು ಸಾವಿರ ರೂಪಾಯಿ ದಾಟುತ್ತಿರಲಿಲ್ಲ. ಹಳೆಯ ಅನುಭವದ ಮೇಲೆ ಸಲಹೆ ಕೊಡುವವರು ಇದನ್ನು ಸಣ್ಣ ವಿಷಯವೆನ್ನಲು ಅದೂ ಒಂದು ಕಾರಣ. ಹೆಲ್ಮೆಟ್ ದಂಡದ ಹಾಗೆ ರಸ್ತೆಯಲ್ಲೇ ರಸೀದಿ ಹರಿಸಿಕೊಂಡು ಮುಗಿಸುವ ಅವಕಾಶ ಈ ಅಪರಾಧಕ್ಕೆ ಇಲ್ಲ. ಮ್ಯಾಜಿಸ್ಟ್ರೇಟರ ಮುಂದೆ ಹಾಜರಾಗಲೇಬೇಕು, ಗೈರುಹಾಜರಾದರೆ ವಾರಂಟ್ ಹೊರಡುತ್ತದೆ.

ಬಂಧನದ ರಾತ್ರಿ ನಡೆದದ್ದನ್ನು ನಿಮ್ಮ ಮೈದುನನಿಂದ ಕೇಳಿ ಬರೆದಿಟ್ಟುಕೊಳ್ಳಿ. ಈ ಅಪರಾಧಕ್ಕೆ ವಾರಂಟ್ ಇಲ್ಲದೆ ಬಂಧಿಸಿದಾಗ ಎರಡು ಗಂಟೆಯೊಳಗೆ ನೋಂದಾಯಿತ ವೈದ್ಯರಿಂದ ತಪಾಸಣೆ ಮಾಡಿಸಬೇಕು, ಮಾಡಿಸದಿದ್ದರೆ ಬಂಧನದಿಂದ ಬಿಡಬೇಕು ಎಂದು 202ನೇ ಕಲಮು ಹೇಳುತ್ತದೆ. ಬಂಧನದ ಕಾರಣ ತಿಳಿಸುವುದು, ಮನೆಯವರಿಗೆ ಸುದ್ದಿ ಮುಟ್ಟಿಸುವುದು ಪೊಲೀಸರ ಕರ್ತವ್ಯ. ಇದು ಜಾಮೀನು ಸಿಗುವ ಅಪರಾಧವಾದುದರಿಂದ ಅಂದೇ ರಾತ್ರಿ ಬಿಟ್ಟದ್ದು ಯಾರ ಕೃಪೆಯೂ ಅಲ್ಲ, ಅದು ಅವರ ಹಕ್ಕು. ಯಂತ್ರದಿಂದ ಬಂದ ಚೀಟಿ, ಅದರ ಮೇಲಿನ ಹೆಸರು ಮತ್ತು ಸಮಯ, ವೈದ್ಯರ ಪ್ರಮಾಣಪತ್ರ, ಲೈಸೆನ್ಸ್ ಪಡೆದದ್ದಕ್ಕೆ ಕೊಟ್ಟ ಸ್ವೀಕೃತಿ, ಇವುಗಳ ಪ್ರತಿಗಳನ್ನು ವಕೀಲರ ಮೂಲಕ ಪಡೆದು ನೋಡಿದ ಮೇಲೆಯೇ ತಪ್ಪೊಪ್ಪಿಕೊಳ್ಳಬೇಕೋ ವಿಚಾರಣೆ ಎದುರಿಸಬೇಕೋ ಎಂದು ನಿಮ್ಮ ಪತಿ ತೀರ್ಮಾನಿಸಬೇಕು. ಕಾಗದಗಳೆಲ್ಲ ಸರಿಯಿದ್ದು, ಕುಡಿದದ್ದೂ ನಿಜವಾಗಿದ್ದರೆ, ವರ್ಷಗಟ್ಟಲೆ ಎಳೆದಾಡುವುದಕ್ಕಿಂತ ಒಪ್ಪಿಕೊಳ್ಳುವುದೇ ಲೇಸೆಂದು ನನ್ನ ಅಭಿಪ್ರಾಯ. ಆದರೆ ಒಪ್ಪಿಕೊಂಡರೆ ಏನೇನು ಬರುತ್ತದೆಂದು ತಿಳಿದು ಒಪ್ಪಿಕೊಳ್ಳಲಿ.

ಏಕೆಂದರೆ ತಪ್ಪೊಪ್ಪಿಗೆ ಎಂದರೆ ಅಪರಾಧಿ ಎಂಬ ತೀರ್ಪೇ. ಆ ತೀರ್ಪಿನೊಡನೆ ನ್ಯಾಯಾಲಯವು ಕನಿಷ್ಠ 6 ತಿಂಗಳು ವಾಹನ ಓಡಿಸುವ ಅರ್ಹತೆಯನ್ನು ರದ್ದುಪಡಿಸಬೇಕೆಂದು 20ನೇ ಕಲಮಿನಲ್ಲಿದೆ. ಇದರ ಹೊರತಾಗಿ, ಪೊಲೀಸರು ವಶಪಡಿಸಿಕೊಂಡ ಲೈಸೆನ್ಸ್ ಆರ್‌ಟಿಒ ಕಚೇರಿಗೆ ಹೋಗುತ್ತದೆ. ಅಲ್ಲಿ ನಿಮ್ಮ ಪತಿಯ ಹೇಳಿಕೆಯನ್ನು ಕೇಳಿದ ನಂತರ ಮೊದಲ ಅಪರಾಧಕ್ಕೆ 3 ತಿಂಗಳ ಮಟ್ಟಿಗೆ ಅನರ್ಹಗೊಳಿಸಬಹುದು, ಮತ್ತು ಚಾಲಕರ ಪುನಶ್ಚೇತನ ತರಬೇತಿ ಮುಗಿಸದೆ ಲೈಸೆನ್ಸ್ ಹಿಂದಿರುಗುವುದಿಲ್ಲ. ಆರ್‌ಟಿಒ ಆದೇಶ ಬೇರೆ, ನ್ಯಾಯಾಲಯದ ಆದೇಶ ಬೇರೆ. ದಂಡ ಕಟ್ಟಿದ ಮರುದಿನವೇ ಗಾಡಿ ಹತ್ತಬಹುದೆಂದು ತಿಳಿದು ಸಿಕ್ಕಿಬಿದ್ದವರ ಮನೆಯವರು ಬರೆದ ಪತ್ರಗಳು ನನಗೆ ಬರುತ್ತಲೇ ಇರುತ್ತವೆ. ಎರಡು ಆದೇಶಗಳ ದಿನಾಂಕಗಳನ್ನೂ ನೀವು ಬರೆದಿಟ್ಟುಕೊಳ್ಳಿ. ಅಲ್ಲಿಯವರೆಗೆ ಅವರು ಸಿಟಿ ಬಸ್ಸಿನಲ್ಲಿಯೋ ಆಟೊದಲ್ಲಿಯೋ ಕಚೇರಿಗೆ ಹೋಗಲಿ. ಬೈಕು ಯಾರ ಹೆಸರಿನಲ್ಲಿದೆಯೋ ಅವರು ಆರ್‌ಸಿ, ವಿಮೆ ಮತ್ತು ಗುರುತಿನ ಚೀಟಿಯೊಂದಿಗೆ ನ್ಯಾಯಾಲಯಕ್ಕೆ ಅರ್ಜಿ ಹಾಕಿ ಬಿಡಿಸಿಕೊಳ್ಳಬಹುದು.

ನೌಕರಿಯ ವಿಷಯದಲ್ಲಿ ಅತ್ತೆಯವರಿಗೆ ಇಷ್ಟು ಧೈರ್ಯ ಹೇಳಿ: 48 ಗಂಟೆ ಮೀರಿ ಬಂಧನದಲ್ಲಿದ್ದ ಸರ್ಕಾರಿ ನೌಕರರನ್ನು ಅಮಾನತಿನಲ್ಲಿ ಇರುವವರೆಂದೇ ಸೇವಾ ನಿಯಮ ಪರಿಗಣಿಸುತ್ತದೆ, ಆದರೆ ಅದೇ ರಾತ್ರಿ ಬಿಡುಗಡೆಯಾದ ನಿಮ್ಮ ಪತಿಗೆ ಅದು ಅನ್ವಯಿಸುವುದಿಲ್ಲ. ಹಾಗೆಂದು ಏನೂ ಆಗುವುದಿಲ್ಲವೆಂದೂ ನಾನು ಹೇಳಲಾರೆ. ಸಾರ್ವಜನಿಕ ಸ್ಥಳದಲ್ಲಿ ಅಮಲಿನಲ್ಲಿರುವುದು ನಡತೆ ನಿಯಮಗಳಿಗೆ ವಿರುದ್ಧ, ಮತ್ತು ನ್ಯಾಯಾಲಯದ ತೀರ್ಪಿನ ಮೇಲೆ ಇಲಾಖಾ ವಿಚಾರಣೆ ನಡೆಯಬಹುದು. ನಡೆದದ್ದನ್ನು ಅವರೇ ಮೇಲಧಿಕಾರಿಗೆ ಲಿಖಿತವಾಗಿ ತಿಳಿಸಲಿ. ಮುಚ್ಚಿಟ್ಟದ್ದು ಆಮೇಲೆ ಹೊರಬಿದ್ದರೆ ಅದೇ ಇನ್ನೊಂದು ಆರೋಪವಾಗುತ್ತದೆ.

ವಕೀಲರ ಶುಲ್ಕಕ್ಕೆ ಚಿಂತಿಸುತ್ತಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಸಲಹೆ ಕೇಳಿ. ಉಚಿತ ಕಾನೂನು ನೆರವು ಪಡೆಯಲು ಮಹಿಳೆಯರಿಗೆ ಆದಾಯದ ಮಿತಿ ಇಲ್ಲ. 15100ಕ್ಕೆ ಕರೆ ಮಾಡಿದರೂ ಮಾಹಿತಿ ಸಿಗುತ್ತದೆ. ನಿಮ್ಮ ಪತಿಯ ಪರವಾಗಿ ವಾದಿಸಲು ಮಾತ್ರ ಅವರೇ ಅರ್ಜಿ ಹಾಕಬೇಕು, ಅವರ ಆದಾಯವನ್ನು ನೋಡಿ ತೀರ್ಮಾನಿಸುತ್ತಾರೆ.

ಅಪಘಾತವೇನೂ ಆಗಿಲ್ಲ ಎಂದು ನೀವು ಒಂದೇ ಸಾಲಿನಲ್ಲಿ ಬರೆದಿದ್ದೀರಿ. ಆ ಸಾಲನ್ನು ನಾನು ಎರಡು ಸಲ ಓದಿದೆ. ರಿಂಗ್ ರಸ್ತೆಯಲ್ಲಿ ರಾತ್ರಿ ಹೊತ್ತು ಕೆಲಸ ಮುಗಿಸಿ ನಡೆದು ಹೋಗುವವರನ್ನು ನೀವೂ ನೋಡಿರುತ್ತೀರಿ. ಅವರಲ್ಲಿ ಒಬ್ಬರಿಗೆ ಬೈಕು ತಾಕಿ ಜೀವ ಹೋಗಿದ್ದರೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಂತೆ 5 ವರ್ಷಗಳವರೆಗಿನ ಶಿಕ್ಷೆಯ ಪ್ರಕರಣವಾಗುತ್ತಿತ್ತು. ಕುಡಿದು ಓಡಿಸಿದ್ದರಿಂದ ಇನ್ನೂ ಕಠಿಣವಾದ 105ನೇ ಕಲಮನ್ನು ಹಾಕಿದ್ದರೂ ಆಶ್ಚರ್ಯವಿರಲಿಲ್ಲ. ಬಾಯಿ ಬಿಡದ ನಿಮ್ಮ ಪತಿಗೆ ಈ ಮಾತನ್ನು ನೀವೇ ಹೇಳಬೇಕು, ಬಯ್ಯುವ ಧ್ವನಿಯಲ್ಲಿ ಬೇಡ. ಕುಡಿತ ಅಂದಿನ ಒಂದು ದಿನದ್ದೋ, ವಾರಕ್ಕೆ ನಾಲ್ಕು ದಿನದ್ದೋ ನಿಮಗೆ ಮಾತ್ರ ಗೊತ್ತು. ಎರಡನೆಯದಾಗಿದ್ದರೆ ಕಲಬುರಗಿಯ ಜಿಮ್ಸ್ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಅವರನ್ನು ಕರೆದುಕೊಂಡು ಹೋಗಿ, ಅವರು ಬರದಿದ್ದರೆ 14416 ಟೆಲಿ ಮಾನಸ್ ಸಹಾಯವಾಣಿಗೆ ನೀವೊಬ್ಬರೇ ಆದರೂ ಕರೆ ಮಾಡಿ. ನ್ಯಾಯಾಲಯದ ದಿನ ಜೊತೆಗೆ ಹೋಗಬೇಕೋ ಬೇಡವೋ ಎಂಬುದು ನಿಮ್ಮ ಇಷ್ಟ. ಮನಸ್ಸಿದ್ದರೆ ಹೋಗಿ, ಹೋಗದಿದ್ದರೆ ಕಾನೂನಿನಲ್ಲಿ ಯಾವ ತೊಂದರೆಯೂ ಇಲ್ಲ.

ಪ್ರಶ್ನೆ: ಕುಡಿದು ಓಡಿಸಿದ್ದಕ್ಕೆ ನನ್ನ ಪತಿಯ ಲೈಸೆನ್ಸ್ ಅನ್ನು ಆರು ತಿಂಗಳು ರದ್ದು ಮಾಡಿದ್ದಾರೆ. ಆದರೂ ನನ್ನ ಹೆಸರಿನಲ್ಲಿರುವ ಸ್ಕೂಟರನ್ನು ದಿನವೂ ಒಯ್ಯುತ್ತಾರೆ. ಕೀಲಿ ಕೊಡದಿದ್ದರೆ ಜಗಳ. ನನಗೇನಾದರೂ ಆಗುತ್ತದೆಯೇ?
— ಓದುಗರು, ಹುಮನಾಬಾದ್

ಉತ್ತರ: ಆಗುತ್ತದೆ. ಅನರ್ಹರಾಗಿರುವಾಗ ಓಡಿಸಿದ್ದಕ್ಕೆ ಅವರಿಗೆ 3 ತಿಂಗಳವರೆಗೆ ಸೆರೆವಾಸ, ಇಲ್ಲವೇ 10,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ಲೈಸೆನ್ಸ್ ಇಲ್ಲದವರಿಗೆ ವಾಹನ ಕೊಟ್ಟ ಮಾಲೀಕರಾಗಿ ನಿಮಗೂ 3 ತಿಂಗಳವರೆಗೆ ಸೆರೆವಾಸ, 5,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ಕುಡಿದಿದ್ದಾರೆಂದು ತಿಳಿದೂ ಕೀಲಿ ಕೊಟ್ಟರೆ ಮೋಟಾರು ವಾಹನ ಕಾಯ್ದೆಯ 188ನೇ ಕಲಮಿನ ಪ್ರಕಾರ ಪ್ರೇರಣೆ ಕೊಟ್ಟವರೆಂದು ಅವರಿಗೆ ಇರುವ ಶಿಕ್ಷೆಯೇ ನಿಮಗೂ ಬರಬಹುದು. ಅಪಘಾತವಾದರೆ ಸ್ಕೂಟರಿನ ರಿಪೇರಿಗೆ ವಿಮಾ ಕಂಪನಿ ಹಣ ಕೊಡುವುದಿಲ್ಲ. ಗಾಯಗೊಂಡವರಿಗೆ ಕಂಪನಿ ಮೊದಲು ಪರಿಹಾರ ಕೊಟ್ಟು, ಆಮೇಲೆ ಆ ಹಣವನ್ನು ಮಾಲೀಕರಿಂದ ವಸೂಲು ಮಾಡಿಕೊಳ್ಳಲಿ ಎಂದು ನ್ಯಾಯಾಲಯಗಳು ಆದೇಶಿಸಿದ್ದೂ ಉಂಟು.

ಎರಡು ಕೀಲಿಗಳನ್ನೂ ತವರಿನಲ್ಲೋ ನಂಬಿಕೆಯ ನೆರೆಮನೆಯಲ್ಲೋ ಇಡಿ, ಮತ್ತು ಇಟ್ಟಿರುವುದನ್ನು ಮನೆಯ ಹಿರಿಯರೊಬ್ಬರ ಮುಂದೆ ಅವರಿಗೆ ತಿಳಿಸಿ. ಜಗಳ ಕೈಯೆತ್ತುವವರೆಗೆ ಹೋದರೆ ಅದು 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣೆ ಕಾಯ್ದೆಗೆ ಸೇರಿದ ವಿಷಯ. ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ, ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ) ಕಚೇರಿಯಲ್ಲಿ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆದುಕೊಳ್ಳಿ.