ಕನ್ನಡ ಲೇಖನಕ್ಕೂ ಪೈಥಾನ್‌ಗೂ ಒಂದೇ ಎಡಿಟರ್ ಸಾಕೇ?

ಹೆಚ್ಚಾಗಿ ಕನ್ನಡ ಲೇಖನಗಳನ್ನೂ ಆಗಾಗ ಪೈಥಾನ್ ಪ್ರೋಗ್ರಾಮ್‌ಗಳನ್ನೂ ಬರೆಯುವ ನೀವು, ಶಾರ್ಟ್‌ಕಟ್‌ಗಳಿಗೆ ಹೆಸರಾದ ವಿಮ್ ಎಂಬ ಎಡಿಟರನ್ನು ಕಲಿಯಬೇಕೇ ಅಥವಾ ನೋಟ್‌ಪ್ಯಾಡ್‌ನಂಥ ಸರಳ ಎಡಿಟರ್ ಸಾಕೇ ಎಂದು ಕೇಳಿದ್ದೀರಿ. ಪ್ರೋಗ್ರಾಮಿಗಾಗಿ ವಿಮ್ ಕಲಿಯಿರಿ, ಲೇಖನಕ್ಕೆ ಅದನ್ನು ಬಳಸಬೇಡಿ ಎಂಬುದು, ಎರಡನ್ನೂ ಅದರಲ್ಲೇ ಮಾಡಲು ಹೋಗಿ ಕೈಸುಟ್ಟುಕೊಂಡ ನನ್ನ ಉತ್ತರ.

ವಿಮ್‌ನಲ್ಲಿ ಬರೆಯುವಾಗ ಅಕ್ಷರ ಮೂಡಿಸುವ ಕೀಲಿಗಳೇ ಎಸ್ಕೇಪ್ ಒತ್ತಿದ ಮೇಲೆ ಆಜ್ಞೆಗಳಾಗುತ್ತವೆ. ಕರ್ಸರ್ ಸರಿಸಲು ಎಚ್, ಜೆ, ಕೆ, ಎಲ್ ಕೀಲಿಗಳನ್ನು ಬಳಸುವುದು ವಿಚಿತ್ರವೆನಿಸಬಹುದು. ಅದಕ್ಕೆ ಕಾರಣವಿದೆ: ವಿಮ್‌ನ ಪೂರ್ವಜನಾದ ವಿಐ ಎಡಿಟರನ್ನು ಬಿಲ್ ಜಾಯ್ 1976ರ ಸುಮಾರಿಗೆ ರೂಪಿಸಿದಾಗ ಅವರ ಎಡಿಎಮ್-3ಎ ಟರ್ಮಿನಲ್‌ನಲ್ಲಿ (ಕಂಪ್ಯೂಟರಿಗೆ ಜೋಡಿಸುವ ಪರದೆ ಮತ್ತು ಕೀಲಿಮಣೆ) ಬಾಣದ ಗುರುತುಗಳು ಆ ನಾಲ್ಕು ಕೀಲಿಗಳ ಮೇಲೆಯೇ ಇದ್ದವು. ಉದ್ಧರಣ ಚಿಹ್ನೆಗಳ ನಡುವಿನದನ್ನೆಲ್ಲ ಅಳಿಸಿ ಹೊಸದನ್ನು ಬರೆಯಲು ಸಿ, ಐ ಮತ್ತು ಆ ಚಿಹ್ನೆಯನ್ನು ಒತ್ತಿದರಾಯಿತು. ಕೋಡ್ ತಿದ್ದುವವರಿಗೆ ಇದು ವರವೇ ಸರಿ.

ತೊಡಕು ಇರುವುದು ಕನ್ನಡದಲ್ಲಿ. ಈ ಆಜ್ಞೆಗಳೆಲ್ಲ ಇಂಗ್ಲಿಷ್ ಅಕ್ಷರಗಳು. ಕಗಪ ಎಂಬ ಕನ್ನಡ ಕೀಲಿಮಣೆ ವಿನ್ಯಾಸದಲ್ಲಿ ಒಂದು ವಾಕ್ಯ ಬರೆದು, ಎಸ್ಕೇಪ್ ಒತ್ತಿ, ಸಾಲನ್ನು ಅಳಿಸಲೆಂದು ಡಿ ಕೀಲಿಯನ್ನು ಎರಡು ಸಲ ಒತ್ತಿದರೆ ವಿಮ್‌ಗೆ ತಲುಪುವುದು ‘ದದ’. ಅದಕ್ಕೆ ಅದು ಅರ್ಥವಾಗುವುದಿಲ್ಲ, ಸಾಲು ಇದ್ದಲ್ಲೇ ಇರುತ್ತದೆ. ಪ್ರತಿ ಸಲವೂ ಭಾಷೆ ಬದಲಿಸಿ, ಆಜ್ಞೆ ಕೊಟ್ಟು, ಮತ್ತೆ ಕನ್ನಡಕ್ಕೆ ಮರಳುವಷ್ಟರಲ್ಲಿ ಶಾರ್ಟ್‌ಕಟ್ ಎಂಬ ಹೆಸರೇ ಅಣಕವಾಗುತ್ತದೆ. ಸಾಲದ್ದಕ್ಕೆ, ವಿಮ್ ಸಾಮಾನ್ಯವಾಗಿ ತೆರೆದುಕೊಳ್ಳುವ, ಈಗ ಟರ್ಮಿನಲ್ ಎಂದು ಕರೆಯುವ ಕಿಟಕಿಗಳಲ್ಲಿ ಎಷ್ಟೋ ಪ್ರತಿ ಅಕ್ಷರಕ್ಕೂ ಸಮನಾದ ಮನೆ ಕೊಡುವುದರಿಂದ ‘ಸ್ತ್ರೀ’ಯಂಥ ಒತ್ತಕ್ಷರಗಳು ಚೂರುಚೂರಾಗಿ ಕಾಣುತ್ತವೆ.

ಲೇಖನಕ್ಕೆ ನನಗೆ ನಿಜವಾಗಿ ಬೇಕಾಗುವುದು ಉಳಿಸುವ, ಹುಡುಕುವ, ಮಾಡಿದ್ದನ್ನು ರದ್ದುಪಡಿಸುವ ಶಾರ್ಟ್‌ಕಟ್‌ಗಳಷ್ಟೇ, ಅವು ಸರಳ ಎಡಿಟರ್‌ನಲ್ಲೂ ಇವೆ. ಎರಡಕ್ಕೂ ಒಂದೇ ಎಡಿಟರ್ ಬೇಕೆಂಬ ಹಟವಿದ್ದರೆ ಇಮ್ಯಾಕ್ಸ್ ನೋಡಿ: ಕಂಟ್ರೋಲ್ ಜೊತೆ ಬ್ಯಾಕ್‌ಸ್ಲ್ಯಾಶ್ ಒತ್ತಿ, ಅದರಲ್ಲೇ ಇರುವ, ಇಂಗ್ಲಿಷ್ ಕೀಲಿಗಳನ್ನು ಒತ್ತಿ ಕನ್ನಡ ಮೂಡಿಸುವ ಕನ್ನಡ ಐಟ್ರಾನ್ಸ್ ವಿಧಾನವನ್ನು ಆರಿಸಿಕೊಂಡರೆ ಅಕ್ಷರಗಳು ಮಾತ್ರ ಕನ್ನಡವಾಗಿ, ಕಂಟ್ರೋಲ್ ಆಜ್ಞೆಗಳು ಹಾಗೆಯೇ ಉಳಿಯುತ್ತವೆ. ಅದರ ಬೆರಳುಗಸರತ್ತು ನನಗೆ ಒಗ್ಗಲಿಲ್ಲ, ಅದು ಬೇರೆ ಮಾತು.

ವಿಮ್ ಜೊತೆಗೇ ಬರುವ ವಿಮ್‌ಟ್ಯೂಟರ್ ಪಾಠ ಸುಮಾರು ಅರ್ಧ ಗಂಟೆಯದು. ಆದರೆ ಆಜ್ಞೆಗಳು ಬೆರಳಿಗೆ ಹತ್ತಲು ನನಗೆ ಎರಡು ತಿಂಗಳು ಹಿಡಿಯಿತು; ಅಲ್ಲಿಯವರೆಗೆ ತುರ್ತು ಕೆಲಸಕ್ಕೆ, ಆಜ್ಞೆಗಳನ್ನು ಪರದೆಯ ಕೆಳಗಿನ ಎರಡು ಸಾಲುಗಳಲ್ಲಿ ತಾನೇ ತೋರಿಸುವ ನ್ಯಾನೊ ಎಡಿಟರ್ ಇರಲಿ.